ಕೆಟ್ಟರೆ ಎಷ್ಟು ದಿನ?

ಪಿರಿಯಾಪಟ್ಟಣದ ಕಡೆಯಿಂದ ಬಂದ ಅಕ್ಕನ ಮಗ ಕೈಕಾಲು ತೊಳೆಯುವ ಮೊದಲೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ಕಗ್ಗುಂಡಿ ಹರಾಜಿನಲ್ಲಿ ಈ ಸಲ ಹೊಗೆಸೊಪ್ಪು ಕೈ ಕಚ್ಚಲಿಲ್ಲವಂತೆ. ಭಾವ ಅರವತ್ತು ಸಾವಿರ ಕೊಡಲು ಒಪ್ಪಿದ್ದಾರೆ, ‘ಓದೋಕೂ ಆಗ್ಬೇಕು’ ಎಂಬ ಷರತ್ತಿನ ಮೇಲೆ. “ಗೇಮಿಂಗ್ ಪಿಸಿ ಕಟ್ಟಿಸ್ಬೇಕು ಮಾವ. ಲಿಸ್ಟ್ ರೆಡಿ ಅದೆ. ನೀನು ಒಂದ್ಸಲ ನೋಡ್ಬುಟ್ಟು ಹೂಂ ಅನ್ನು, ಸಾಕು.”

ನೋಡಿದೆ. ಎಲ್ಲಕ್ಕಿಂತ ಮೇಲೆ ಗಾಜಿನ ಕ್ಯಾಬಿನೆಟ್, ಅದಕ್ಕೆ ಬಣ್ಣ ಬದಲಿಸುವ ಆರು ಫ್ಯಾನ್. ಅದರ ಕೆಳಗೆ ನೀರು ಓಡಿಸಿ ತಣ್ಣಗಾಗಿಸುವ ಕೂಲರ್. ಆಮೇಲೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ್‍ಯಾಮ್. ಕಟ್ಟಕಡೆಗೆ ಎಸ್‌ಎಂಪಿಎಸ್. ಅದರ ಎದುರಿಗೆ ‘ಯಾವುದಾದ್ರೂ 500 ವ್ಯಾಟ್’ ಎಂದು ಬರೆದಿದ್ದ.

ಯೂಟ್ಯೂಬ್ ನೋಡಿ ಬರೆದ ಪಟ್ಟಿ ಎಂದು ಕೇಳದೆಯೇ ಗೊತ್ತಾಯಿತು. ಅದರಲ್ಲಿ ತಪ್ಪೇನೂ ಇಲ್ಲ, ನಾನೂ ಅಲ್ಲೇ ಕಲಿತವನು. ಆದರೆ ಆ ವಿಡಿಯೊ ಮಾಡುವವರು ಅಂಗಡಿ ಹತ್ತಿರವಿರುವ ಊರಿನವರು. ಬೆಂಗಳೂರಿನಲ್ಲಿ ಒಂದು ಪಾರ್ಟು ಕೈಕೊಟ್ಟರೆ ಸ್ಕೂಟರ್ ಹತ್ತಿ ಎಸ್‌ಪಿ ರಸ್ತೆಗೆ ಹೋಗಿ ಸಂಜೆಯೊಳಗೆ ಬದಲಿಸಿಕೊಂಡು ಬರಬಹುದು. (ಸಾದರ ಪತ್ರಪ್ಪ ರಸ್ತೆ ಎಂಬ ಅದರ ಪೂರ್ತಿ ಹೆಸರನ್ನು ಅಲ್ಲಿ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.) ಸಾಲಿಗ್ರಾಮದಲ್ಲಿ ಹಾಗಲ್ಲ. ಬಸ್ಸು ಹತ್ತಿ ಕೆ.ಆರ್. ನಗರ, ಅಲ್ಲಿಂದ ಮೈಸೂರು, ಅಲ್ಲಿ ಪಾರ್ಟನ್ನು ಒಪ್ಪಿಸಿ ಚೀಟಿ ತಂದರೆ ಅದು ಬೆಂಗಳೂರಿಗೋ ಇನ್ನೆಲ್ಲಿಗೋ ಹೋಗಿ ಬರುವಷ್ಟರಲ್ಲಿ ಸೆಮಿಸ್ಟರ್ ಅರ್ಧ ಮುಗಿದಿರುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಇನ್ನೊಂದು ತಮಾಷೆ: ಉಡುಪಿ ಜಿಲ್ಲೆಯಲ್ಲೂ ಒಂದು ಸಾಲಿಗ್ರಾಮವಿದೆ. ನನ್ನ ಒಂದು ಹಾರ್ಡ್ ಡಿಸ್ಕ್ ಪಿನ್‌ಕೋಡ್ ಸರಿಯಿದ್ದರೂ ಘಟ್ಟ ಇಳಿದು ಕರಾವಳಿ ನೋಡಿಕೊಂಡು ಹನ್ನೆರಡು ದಿನಕ್ಕೆ ನನ್ನ ಬಾಗಿಲಿಗೆ ಬಂತು.

ಆದ್ದರಿಂದ ನಮ್ಮಂಥ ಊರಿನವರು ಪಾರ್ಟು ಆರಿಸುವಾಗ ‘ಇದು ಎಷ್ಟು ವೇಗ’ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಇದು ಕೆಟ್ಟರೆ ಡಬ್ಬ ಎಷ್ಟು ದಿನ ಸುಮ್ಮನೆ ಕೂರುತ್ತದೆ? ಈ ಪ್ರಶ್ನೆ ಇಟ್ಟುಕೊಂಡರೆ ಪಟ್ಟಿ ತಲೆಕೆಳಗಾಗುತ್ತದೆ. ನಾನು ಹುಡುಗನ ಪಟ್ಟಿಯನ್ನು ಕೆಳಗಿನಿಂದ ಓದಲು ಶುರು ಮಾಡಿದೆ.

ಎಸ್‌ಎಂಪಿಎಸ್ ಎಂದರೆ ಗೋಡೆಯಿಂದ ಬರುವ 230 ವೋಲ್ಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ಪೆಟ್ಟಿಗೆ. ಇವುಗಳಲ್ಲಿ ಆಟದ ಕಂಪ್ಯೂಟರಿಗೆ ಲೆಕ್ಕಕ್ಕೆ ಬರುವುದು 12 ವೋಲ್ಟಿನ ಸಾಲು ಒಂದೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಅದನ್ನೇ ಕುಡಿಯುತ್ತವೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 450, 500 ಎಂದು ಏನೇ ಬರೆದಿರಲಿ, ಪಕ್ಕದಲ್ಲಿ ಸಣ್ಣಕ್ಷರದ ಒಂದು ಕೋಷ್ಟಕ ಅಂಟಿಸಿರುತ್ತಾರೆ. ಅದರಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪ್ ಎಂದು ನೋಡಿ 12ರಿಂದ ಗುಣಿಸಬೇಕು. ನಾನು ಹಿಂದೊಮ್ಮೆ ಅಗ್ಗಕ್ಕೆ ತಂದ ‘450 ವ್ಯಾಟ್’ ಪೆಟ್ಟಿಗೆಯಲ್ಲಿ 16 ಆಂಪ್ ಎಂದಿತ್ತು. ಹದಿನಾರು ಹನ್ನೆರಡಲಿ ನೂರ ತೊಂಬತ್ತೆರಡು. ಮಿಕ್ಕ ವ್ಯಾಟುಗಳು ನನಗೆ ಬೇಡದ ಸಾಲುಗಳಲ್ಲಿ ಹಂಚಿಹೋಗಿದ್ದವು. ಚಾಮರಾಜ ನಾಲೆಯಲ್ಲಿ ನೀರು ಎಷ್ಟಿದ್ದರೇನು, ನಮ್ಮ ಗದ್ದೆಯ ತೂಬಿನಲ್ಲಿ ಬಂದದ್ದಷ್ಟೇ ನಮ್ಮ ಭತ್ತಕ್ಕೆ. ಒಂದು ಬೇಸಿಗೆಯ ಸಂಜೆ ಆ ಪೆಟ್ಟಿಗೆ ‘ಟಪ್’ ಎಂದಿತು. ತಾನು ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಳಿಸಿದ್ದು ಸಾವಿರದೈನೂರು, ಕಳೆದದ್ದು ಆರು ಸಾವಿರ ಮತ್ತು ಒಂದು ತಿಂಗಳು.

ಹುಡುಗನಿಗೆ ಬೇಕಾದ್ದೆಷ್ಟು? ಗ್ರಾಫಿಕ್ಸ್ ಕಾರ್ಡ್ ಎಎಂಡಿಯ ಆರ್‌ಎಕ್ಸ್ 6600 ಎಂದಿಟ್ಟುಕೊಂಡರೆ 132 ವ್ಯಾಟ್. ಇಂಟೆಲ್‌ನ ಐ5 12400 ಮೈಮುರಿದು ದುಡಿಯುವಾಗ 117. ಬೋರ್ಡು, ಫ್ಯಾನು, ಡಿಸ್ಕಿಗೆ ಐವತ್ತು ಇಟ್ಟುಕೊಂಡರೂ ಒಟ್ಟು ಮುನ್ನೂರು. ಅಂದರೆ 12 ವೋಲ್ಟಿನ ಸಾಲಿನಲ್ಲಿ 25 ಆಂಪ್ ನಿಜವಾಗಿಯೂ ಸಿಗಬೇಕು, ಮೇಲೊಂದಿಷ್ಟು ಉಸಿರಾಡಲು ಜಾಗ ಬೇಕು. ಹೆಸರಿರುವ ಕಂಪನಿಯ 450ರಿಂದ 550 ವ್ಯಾಟಿನ ಪೆಟ್ಟಿಗೆ ಸಾಕು. ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆ ಗುಣಮಟ್ಟದ ಸರ್ಟಿಫಿಕೇಟ್ ಎಂದು ಅಂಗಡಿಯವರು ಹೇಳುತ್ತಾರೆ. ಅದು ಹೇಳುವುದು ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ನೂರಕ್ಕೆ 85 ದಕ್ಷತೆ ಇದ್ದರೆ ಒಳಗೆ ಮುನ್ನೂರು ಕೊಡಲು ಗೋಡೆಯಿಂದ ಮುನ್ನೂರೈವತ್ತು ಎಳೆಯುತ್ತದೆ, ಮಿಕ್ಕ ಐವತ್ತು ಬಿಸಿಯಾಗಿ ಹೋಗುತ್ತದೆ. ನಾನು ಮುದ್ರೆಗಿಂತ ವಾರಂಟಿಯ ವರ್ಷ ನೋಡುತ್ತೇನೆ. ಐದು ವರ್ಷ ಬದಲಿಸಿಕೊಡುತ್ತೇನೆ ಎಂದು ಬರೆದುಕೊಡುವ ಕಂಪನಿಗೆ ತನ್ನ ಪೆಟ್ಟಿಗೆಯ ಮೇಲೆ ಒಂದಿಷ್ಟು ನಂಬಿಕೆ ಇದ್ದೇ ಇರುತ್ತದೆ.

ಇನ್ನು ಗೋಡೆ. ಪಟ್ಟಿಯಲ್ಲಿ ಯಾರೂ ಬರೆಯದ ಪಾರ್ಟು ಇದು. ಕಂಪ್ಯೂಟರಿನ ತಗಡು ಮುಟ್ಟಿದರೆ ಕೆಲವು ಮನೆಗಳಲ್ಲಿ ಜುಮ್ ಎನ್ನುತ್ತದೆ. ‘ಸ್ವಲ್ಪ ಕರೆಂಟ್ ಹೊಡೀತದೆ, ಚಪ್ಪಲಿ ಹಾಕ್ಕೊಂಡು ಕೂತ್ಕೊಳ್ಳಿ’ ಎಂದು ಅದನ್ನು ಮನೆಯ ಸ್ವಭಾವದಂತೆ ಒಪ್ಪಿಕೊಂಡಿರುತ್ತಾರೆ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗಲಭೆ ಸೋಸಲು ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸಿನಿಂದ ಅರ್ತಿಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ಅರ್ತಿಗೆ. ಮನೆಗೆ ಅರ್ತಿಂಗ್ ಇಲ್ಲದಿದ್ದರೆ 230 ವೋಲ್ಟನ್ನು ಇವೆರಡೂ ಅರ್ಧರ್ಧ ಹಂಚಿಕೊಂಡು ಕ್ಯಾಬಿನೆಟ್ಟಿನ ತಗಡನ್ನು 115 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಿಸುತ್ತವೆ. ಹರಿಯುವ ಕರೆಂಟು ಅತ್ಯಲ್ಪ, ಅದಕ್ಕೇ ಮನುಷ್ಯನಿಗೆ ಜುಮ್ ಅಷ್ಟೇ. ಆದರೆ ಪೆನ್‌ಡ್ರೈವ್ ಹಾಕುವಾಗ, ಕೇಬಲ್ ಸಿಗಿಸುವಾಗ ಅದೇ ಜುಮ್ಮು ಪೋರ್ಟುಗಳನ್ನು ಸುಡಬಲ್ಲದು. ಹಳೆಯ ತೊಟ್ಟಿಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ಹಿಂದೆ ವೈರೇ ಇರುವುದಿಲ್ಲ. ವೈರಿಂಗ್‌ನವರನ್ನು ಕರೆಸಿ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಮೀಟರ್ ಹಿಡಿಸಬೇಕು. ಎರಡು ಮೂರು ವೋಲ್ಟ್ ದಾಟಬಾರದು. ದಾಟಿದರೆ ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ತಿಂಗ್ ಹಾಕಿಸುವುದು. ಅದರ ಖರ್ಚು ಆ ಆರು ಬಣ್ಣದ ಫ್ಯಾನುಗಳಷ್ಟೇ.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ ಕೆಲವು ಹಳ್ಳಿಗಳಲ್ಲಿ ಬಲ್ಬಿನ ಮುಖವೇ ಬಾಡುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ನೂರರಿಂದ 240 ವೋಲ್ಟಿನವರೆಗೂ ತಾಳಿಕೊಳ್ಳುತ್ತದೆ, ಅದಕ್ಕೆ ಸ್ಟೆಬಿಲೈಸರ್ ಬೇಕಿಲ್ಲ. ಬೇಕಾದದ್ದು ಯುಪಿಎಸ್. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಮುನ್ನೂರೈವತ್ತು ಎಳೆಯುವ ಡಬ್ಬ, ಮೇಲೆ ಮಾನಿಟರ್. ಆಟ ಜೋರಾಗಿರುವಾಗ ಕರೆಂಟು ಹೋದರೆ ಅದು ಕುಯ್ಯೆಂದು ಕೈ ಎತ್ತುತ್ತದೆ. ಸಾವಿರ ವಿಎ ತೆಗೆದುಕೊಂಡರೆ ಐದಾರು ನಿಮಿಷ ಸಿಗುತ್ತದೆ. ಮುಚ್ಚಿ ಏಳಲು ಅಷ್ಟು ಸಾಕು. ಮನೆಯ ಇನ್ವರ್ಟರಿಗೆ ಸಿಗಿಸುವುದಾದರೆ ಅದು ಸೈನ್ ವೇವ್ ಆಗಿರಲಿ, ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಈಗಿನ ಎಸ್‌ಎಂಪಿಎಸ್‌ಗಳಿಗೆ ಒಗ್ಗುವುದಿಲ್ಲ.

ಇಲ್ಲಿಗೆ ಹುಡುಗ ಆಕಳಿಸಿದ. “ಮಾವ, ಗೇಮು ಅಂತ ಬಂದ್ರೆ ನೀನು ಅರ್ತಿಂಗು ಅಂತೀಯಲ್ಲ.”

“ಬಿಲ್ಲಿನ ಲೆಕ್ಕ ಒಂದು ಬಾಕಿ ಅದೆ, ತಡಿ” ಅಂದೆ. ಮಾನಿಟರೂ ಸೇರಿ ಸರಾಸರಿ ಮುನ್ನೂರು ವ್ಯಾಟ್, ದಿನಕ್ಕೆ ನಾಲ್ಕು ಗಂಟೆ ಆಡಿದರೆ 1.2 ಯೂನಿಟ್, ತಿಂಗಳಿಗೆ 36. ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್ ಪುಕ್ಕಟೆ ಎಂದು ಎಲ್ಲರ ಬಾಯಲ್ಲೂ ಇದೆ, ಆದರೆ ಯೋಜನೆ 2023ರಲ್ಲಿ ಶುರುವಾದಾಗಿನ ಲೆಕ್ಕ ಹಾಗಿಲ್ಲ. 2022–23ರಲ್ಲಿ ಆ ಮನೆ ಬಳಸಿದ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು, ಅಷ್ಟೇ ಉಚಿತ. ಅಕ್ಕನ ಮನೆಯ ಸರಾಸರಿ 80 ಇದ್ದರೆ 88ರವರೆಗೆ ಸೊನ್ನೆ ಬಿಲ್ಲು. ಈಗಲೂ 80 ಬಳಸುತ್ತಿರುವ ಮನೆಗೆ ಈ ಡಬ್ಬ ಹೋದರೆ 116 ಆಗುತ್ತದೆ, ಮೇಲಿನ 28ಕ್ಕೆ ದುಡ್ಡು ಕಟ್ಟಬೇಕು. ಇನ್ನೂರು ದಾಟಿದ ತಿಂಗಳು ಪೂರ್ತಿ ಬಿಲ್ಲು. ಇದನ್ನು ಕೇಳಿ ಹುಡುಗ ಎದ್ದು ಕೂತ. ಯಾಕೆಂದರೆ ಸೊನ್ನೆ ಬಿಲ್ಲಿನ ಮೇಲೆ ಅಕ್ಕನಿಗೆ ವಿಪರೀತ ಅಭಿಮಾನ.

ಸರಿ, ಆಟಕ್ಕೆ ಬರೋಣ. ಗ್ರಾಫಿಕ್ಸ್ ಕಾರ್ಡ್ ಆರಿಸುವ ಮೊದಲು ಕೇಳಬೇಕಾದ್ದು ‘ಏನು ಆಡ್ತೀಯ, ಎಷ್ಟು ದೊಡ್ಡ ಪರದೆಯಲ್ಲಿ’ ಎಂದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳು, ಗುಣಿಸಿದರೆ 20,73,600. ಸೆಕೆಂಡಿಗೆ ಅರವತ್ತು ಚಿತ್ರ ಬೇಕೆಂದರೆ ಕಾರ್ಡು ಸೆಕೆಂಡಿಗೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕಿಗಳಿಗೆ ಬಣ್ಣ ತುಂಬಬೇಕು. 144 ಚಿತ್ರ ಬೇಕೆಂದರೆ ಮೂವತ್ತು ಕೋಟಿಯ ಹತ್ತಿರ. ಪರದೆ 1440 ಸಾಲಿನದಾದರೆ ಚುಕ್ಕಿಗಳೇ 36,86,400, 4ಕೆ ಆದರೆ ಫುಲ್ ಎಚ್‌ಡಿಯ ನಾಲ್ಕರಷ್ಟು. ನಮ್ಮ ದುಡ್ಡಿಗೆ ಫುಲ್ ಎಚ್‌ಡಿ ದಾಟುವ ಮಾತು ಬೇಡ. ದೊಡ್ಡ ಪರದೆ ತಂದು ಕಾರ್ಡನ್ನು ಏದುಸಿರು ಬಿಡಿಸುವುದಕ್ಕಿಂತ ಚಿಕ್ಕ ಪರದೆಯಲ್ಲಿ ನುಣ್ಣಗೆ ಆಡುವುದು ಮೇಲು.

ಅವನು ಆಡುವುದು ಎರಡು. ಒಂದು ವ್ಯಾಲೊರಂಟ್, ಗೆಳೆಯರ ಜೊತೆ. ಈ ಆಟವನ್ನು ರಾಯಟ್ ಕಂಪನಿ ಬೇಕೆಂದೇ ಹಗುರವಾಗಿ ಕಟ್ಟಿದೆ. ಸೆಕೆಂಡಿಗೆ 144 ಚಿತ್ರಕ್ಕೆ ಅದು ಕೇಳುವುದು 2016ರ ಜಿಟಿಎಕ್ಸ್ 1050 ಟಿಐ ಕಾರ್ಡನ್ನು. ಇನ್ನೊಂದು ರೆಡ್ ಡೆಡ್ ರಿಡೆಂಪ್ಷನ್ 2, ಒಬ್ಬನೇ ಕುದುರೆ ಹತ್ತಿ ಅಲೆಯಲು. ಅದರ ಹೊಟ್ಟೆ ದೊಡ್ಡದು, ಡಿಸ್ಕಿನಲ್ಲಿ 150 ಜಿಬಿ ಬೇಕೆನ್ನುತ್ತದೆ. ಅದನ್ನು ಮಾಡಿದ ರಾಕ್‌ಸ್ಟಾರ್ ಬೆಂಗಳೂರಿಗೆ ಪರಕೀಯ ಕಂಪನಿಯಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಕಂಪನಿ. 2019ರಲ್ಲಿ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡದ್ದು ಇದೇ ರಾಕ್‌ಸ್ಟಾರ್. ಇದನ್ನು ಹೇಳಿದಾಗ ಹುಡುಗ ನನ್ನನ್ನು ಮೊದಲ ಸಲ ಮರ್ಯಾದೆಯಿಂದ ನೋಡಿದ.

ಈ ಎರಡಕ್ಕೂ ಆರ್‌ಎಕ್ಸ್ 6600 ಸಾಕು ಸಾಕು. 2021ರ ಕಾರ್ಡು, 8 ಜಿಬಿ ನೆನಪು, ಒಂದೇ ಒಂದು ಎಂಟು ಪಿನ್ನಿನ ವೈರು. ಡಬ್ಬಕ್ಕೆ ಐವತ್ತು ಸಾವಿರ ಎತ್ತಿಟ್ಟರೆ ಐದರಲ್ಲಿ ಎರಡು ಪಾಲು ಕಾರ್ಡಿಗೇ ಹೋಗಲಿ ಎನ್ನುವವನು ನಾನು. ಎನ್ವಿಡಿಯಾ ಬೇಕೇ ಬೇಕೆಂದರೆ ಆರ್‌ಟಿಎಕ್ಸ್ 3050 ಇದೆ, ಆದರೆ ಆ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. 2022ರದು 8 ಜಿಬಿ, 130 ವ್ಯಾಟ್. 2024ರದು 6 ಜಿಬಿ, 70 ವ್ಯಾಟ್, ಶಕ್ತಿಯೂ ಕಡಿಮೆ. ಕಾರ್ಡಿನ ಡಬ್ಬದ ಮೇಲೆ ಹೆಸರು ಒಂದೇ, ಅಂಗಡಿಯಲ್ಲಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಎಂಟು ಜಿಬಿ ಎಂದು ಯಾಕೆ ಹಟ ಹಿಡಿಯುತ್ತೇನೆಂದರೆ, ಆಟಗಳ ಗೋಡೆ, ಬಟ್ಟೆ, ಹುಲ್ಲಿನ ಚಿತ್ರಗಳೆಲ್ಲ ಕಾರ್ಡಿನ ಸ್ವಂತ ನೆನಪಿನಲ್ಲಿ ಕೂರಬೇಕು. ಜಾಗ ಸಾಲದಿದ್ದರೆ ಕಾರ್ಡು ಪ್ರತಿ ಸಲ ಕಂಪ್ಯೂಟರಿನ ರ್‍ಯಾಮಿನವರೆಗೆ ಹೋಗಿ ತರಬೇಕು, ಆಟ ಜರ್ಕು ಹೊಡೆಯುತ್ತದೆ. 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್, 2025ರ ಡೂಮ್ ಎರಡೂ ಕನಿಷ್ಠ 8 ಜಿಬಿ ಕೇಳುತ್ತವೆ, ಜೊತೆಗೆ ಬೆಳಕಿನ ಕಿರಣಗಳ ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶ ಕಾರ್ಡಿನಲ್ಲೇ ಇರಬೇಕೆನ್ನುತ್ತವೆ. ಆ ಕನಿಷ್ಠದ ಸಾಲಿನಲ್ಲಿ ಎಎಂಡಿಯ ಕಡೆಯಿಂದ ನಿಂತಿರುವುದು ಇದೇ 6600. ಎಎಂಡಿಯಲ್ಲಿ ಅದಕ್ಕಿಂತ ಹಳೆಯ ತಲೆಮಾರಿನದು ತಂದರೆ ಬಾಗಿಲಲ್ಲೇ ತಡೆಯುತ್ತಾರೆ.

ಈ ತಡೆಯ ಮಾತು ಸೆಕೆಂಡ್ ಹ್ಯಾಂಡ್ ಕಾರ್ಡುಗಳ ಕಥೆಗೂ ಸೇರಿದ್ದು. ಆರ್‌ಎಕ್ಸ್ 580 ಎಂಬ 2017ರ ಕಾರ್ಡು ಬಹಳ ಅಗ್ಗಕ್ಕೆ ಸಿಗುತ್ತದೆ. ಇವುಗಳಲ್ಲಿ ಬಹಳಷ್ಟು ಕ್ರಿಪ್ಟೊ ನಾಣ್ಯ ಅಗೆಯಲು ಹಗಲು ರಾತ್ರಿ ದುಡಿದು ಬಂದವು. 2022ರ ಸೆಪ್ಟೆಂಬರ್ 15ರಂದು ಅಂಥ ನಾಣ್ಯಗಳಲ್ಲೊಂದಾದ ಇಥೀರಿಯಂ ತನ್ನ ಪದ್ಧತಿ ಬದಲಿಸಿದಾಗ ಅಗೆಯುವ ಕೆಲಸವೇ ಇಲ್ಲವಾಗಿ ಮಾರುಕಟ್ಟೆಗೆ ಸುರಿದವು. ಕೆಲವಂತೂ ಹೆಸರಿಗೆ 580, ಒಳಗೆ 2304ರ ಬದಲು 2048 ಕೋರುಗಳ ಬೇರೆಯೇ ತಳಿ. ದುಡಿದ ಎತ್ತು ಕೆಟ್ಟದ್ದೆಂದಲ್ಲ. ಚುಂಚನಕಟ್ಟೆ ಜಾತ್ರೆಯಲ್ಲಿ ಹಲ್ಲು ಬಿಡಿಸಿ ನೋಡಿ ಕೊಳ್ಳುವವರಿಗೆ ಅದೂ ವ್ಯಾಪಾರವೇ. ಆದರೆ ಕಾರ್ಡಿಗೆ ಹಲ್ಲಿಲ್ಲ, ಬಿಲ್ಲೂ ಇರುವುದಿಲ್ಲ. ನಮ್ಮ ಪ್ರಶ್ನೆಗೆ ಅದರ ಉತ್ತರ: ಕೆಟ್ಟರೆ ಶಾಶ್ವತ.

ಪ್ರೊಸೆಸರಿಗೆ ಬಂದಾಗ ಹುಡುಗನಿಗೂ ನನಗೂ ಜಗಳವಾಯಿತು. ಅವನ ಪಟ್ಟಿಯಲ್ಲಿದ್ದದ್ದು 12400ಎಫ್. ಇಂಟೆಲ್‌ನವರು ಕೊನೆಗೆ ‘ಎಫ್’ ಹಚ್ಚಿದರೆ ಅದರೊಳಗೆ ಚಿತ್ರ ತೋರಿಸುವ ಭಾಗ ಇಲ್ಲ ಎಂದರ್ಥ, ಬೆಲೆ ಸ್ವಲ್ಪ ಇಳಿಯುತ್ತದೆ. ಹೇಗೂ ಕಾರ್ಡು ಹಾಕುತ್ತೇವಲ್ಲ, ಎರಡು ಸಲ ಯಾಕೆ ದುಡ್ಡು ಕೊಡಬೇಕು? ಎಲ್ಲ ವಿಡಿಯೊಗಳೂ ಹೀಗೇ ಹೇಳುತ್ತವೆ, ಎಸ್‌ಪಿ ರಸ್ತೆಯ ಮಗ್ಗುಲಲ್ಲಿರುವವರಿಗೆ ಅದು ಸರಿ. ನಮ್ಮಲ್ಲಿ ಕಾರ್ಡು ಕೆಟ್ಟು ಮೂರು ವಾರ ವಾರಂಟಿಗೆ ಹೋದರೆ ಎಫ್ ಇರುವ ಡಬ್ಬದ ಪರದೆ ಕಪ್ಪೋ ಕಪ್ಪು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದಕ್ಕೂ ಇಲ್ಲ, ಸ್ಕಾಲರ್‌ಶಿಪ್ ಅರ್ಜಿ ತುಂಬುವುದಕ್ಕೂ ಇಲ್ಲ. ಎಫ್ ಇಲ್ಲದ 12400 ಆದರೆ ಕೇಬಲ್ಲನ್ನು ಬೋರ್ಡಿನ ಹಿಂದಕ್ಕೆ ಸಿಗಿಸಿ ಎಲ್ಲ ಕೆಲಸ ನಡೆಸಬಹುದು, ವ್ಯಾಲೊರಂಟ್ ಕೂಡ ಕುಂಟುತ್ತಾ ಓಡುತ್ತದೆ. ದುಡ್ಡು ಹಿಡಿಯಬೇಕೆಂದರೆ ನಾಲ್ಕು ಕೋರಿನ ಐ3 12100 ತಗೊ, ಎಫ್ ಮಾತ್ರ ಬೇಡ. ‘ಓದೋಕೂ ಆಗ್ಬೇಕು’ ಎಂಬ ಭಾವನ ಷರತ್ತಿಗೆ ನನ್ನ ಮಟ್ಟಿಗೆ ಅರ್ಥ ಇದೇ.

ಎಎಂಡಿ ಪಕ್ಷದವರಿಗೆ ರೈಜನ್ 5 5600 ಇದೆ, ಆರು ಕೋರು, 65 ವ್ಯಾಟ್, ಒಳ್ಳೆಯದು. ಅದಕ್ಕೂ ಚಿತ್ರದ ಭಾಗ ಇಲ್ಲ, ಎಫ್ ಅಂತ ಬರೆಯುವ ಸೌಜನ್ಯವೂ ಇಲ್ಲ. ಬೇಕಾದರೆ ‘ಜಿ’ ಇರುವ 5600ಜಿ ಕೇಳಬೇಕು. ದುಡ್ಡು ಈಗ ಅರ್ಧವೇ ಇದೆ ಎನ್ನುವವರಿಗೆ ಈ ‘ಜಿ’ಯೇ ದಾರಿ: ಕಾರ್ಡಿಲ್ಲದೆ ಶುರು ಮಾಡಿ ಮುಂದಿನ ಬೆಳೆಗೆ ಕಾರ್ಡು ಹಾಕಬಹುದು. ಅಂದಹಾಗೆ 2023ರ ನವೆಂಬರ್‌ನಲ್ಲಿ ಎಎಂಡಿ ತನ್ನ ಜಗತ್ತಿನಲ್ಲೇ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಬೆಂಗಳೂರಿನಲ್ಲಿ. ಬೆಂಗಳೂರಿನಲ್ಲಿ ಚಿತ್ರ ಬರೆದು, ತೈವಾನಿನಲ್ಲಿ ಅಚ್ಚು ಹಾಕಿಸಿ, ತಿರುಗಿ ಬೆಂಗಳೂರಿನ ಅಂಗಡಿಗೆ ತಂದು ಮಾರುತ್ತಾರೆ. ನಮ್ಮ ಕಡೆಯ ಬಸ್ಸಿಗೆ ಅದು ಹತ್ತುವ ಹೊತ್ತಿಗೆ ಅರ್ಧ ಪ್ರಪಂಚ ಸುತ್ತಿರುತ್ತದೆ.

ಮದರ್‌ಬೋರ್ಡಿನ ಮಾತು ಚಿಕ್ಕದು. ಪ್ರೊಸೆಸರಿಗೆ ಹೊಂದುವ ಸಾಧಾರಣ ಬೋರ್ಡು ಸಾಕು, ಎಂ.2 ಸ್ಲಾಟ್ ಒಂದಿರಲಿ. ಒಂದೇ ಅಪಾಯವೆಂದರೆ ಅಂಗಡಿಯಲ್ಲಿ ಬಹಳ ದಿನ ಕೂತ ಎಎಂಡಿಯ ಬಿ450ಯಂಥ ಬೋರ್ಡಿನ ಬಯೋಸ್ ಎಂಬ ಮೂಲ ತಂತ್ರಾಂಶ ಹಳತಾಗಿದ್ದರೆ ಅದಕ್ಕೆ ಹೊಸ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ. ಫ್ಯಾನು ತಿರುಗುತ್ತದೆ, ಪರದೆ ಬರುವುದಿಲ್ಲ. ಅಪ್‌ಡೇಟ್ ಮಾಡಲು ಹಳೆಯ ಪ್ರೊಸೆಸರ್ ಬೇಕು, ಅದು ನಿಮ್ಮ ಹಳ್ಳಿಯಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಅಂಗಡಿಯಲ್ಲೇ ಒಂದು ಸಲ ಹಚ್ಚಿಸಿ, ಪರದೆಯ ಮೇಲೆ ಪ್ರೊಸೆಸರಿನ ಹೆಸರು ಕಣ್ಣಾರೆ ನೋಡಿ ಆಮೇಲೆ ಬಸ್ಸು ಹತ್ತಬೇಕು.

ರ್‍ಯಾಮ್ ಬಗ್ಗೆ ಬರೆಯಲು ಬೇಜಾರು. ಮೊನ್ನೆ ಮೊನ್ನೆಯವರೆಗೆ ಅದು ಪಟ್ಟಿಯಲ್ಲಿ ಅತ್ಯಂತ ಸಲೀಸಾದ ಸಾಲು. 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಟೊಮೆಟೊದಂತೆ ಏರಿತು. ಜಗತ್ತಿನ ರ್‍ಯಾಮ್ ಚಿಪ್ಪುಗಳ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಎಷ್ಟಾದರೂ ಕೊಟ್ಟು ಕೊಳ್ಳಲು ನಿಂತಾಗ ಅವರು ಗದ್ದೆಯನ್ನು ಆ ಬೆಳೆಗೇ ತಿರುಗಿಸಿದರು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ‘ಕ್ರೂಷಿಯಲ್’ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಪಿರಿಯಾಪಟ್ಟಣದ ಹುಡುಗನ ರ್‍ಯಾಮು ತುಟ್ಟಿಯಾಗಲು ಕಾರಣ ಇಷ್ಟು ದೂರದಲ್ಲಿದೆ. ಹೊಸ ಡಿಡಿಆರ್5 ಕೇಳುವ ಎಎಂಡಿಯ ಎಎಂ5 ಬೋರ್ಡುಗಳನ್ನು ಬಿಟ್ಟು ಹಳೆಯ ಡಿಡಿಆರ್4 ಬೋರ್ಡಿಗೇ ನಾನು ಅಂಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಹದಿನಾರು ಜಿಬಿ ಇರಲಿ, ಎಂಟು ಎಂಟರ ಎರಡು ಸ್ಟಿಕ್ಕುಗಳಲ್ಲಿ. ಎರಡಿದ್ದರೆ ಪ್ರೊಸೆಸರಿಗೆ ಎರಡು ಕಾಲುವೆಗಳಲ್ಲಿ ಒಟ್ಟಿಗೆ ನೀರು ಹರಿದಂತೆ. ಕಾರ್ಡಿಲ್ಲದ ‘ಜಿ’ ಡಬ್ಬದಲ್ಲಂತೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಜೋಡಿಸಿದ ಮೇಲೆ ಬಯೋಸಿನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆ ಒತ್ತುವುದನ್ನು ಮರೆತರೆ 3200ರ ರ್‍ಯಾಮು ಸದ್ದಿಲ್ಲದೆ 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ, ವರ್ಷಗಟ್ಟಲೆ.

ಡಿಸ್ಕು ಆ ಎಂ.2 ಸ್ಲಾಟಿಗೆ ಕೂರುವ ಒಂದು ಟಿಬಿಯ ಎನ್‌ವಿಎಂಇ. ಕುದುರೆ ಆಟವೊಂದೇ 150 ಜಿಬಿ ನುಂಗಿದರೆ 500 ಎಲ್ಲಿಗೆ ಸಾಲುತ್ತದೆ? ಅಳಿಸಿ ಮತ್ತೆ ಇಳಿಸಿಕೊಂಡರಾಯಿತು ಎನ್ನುವವರು ಫೈಬರ್ ಎಳೆಸಿಕೊಂಡವರು. 30 ಎಂಬಿಪಿಎಸ್ ವೇಗದಲ್ಲಿ 150 ಜಿಬಿ ಇಳಿಯಲು ಎಲ್ಲ ಸರಿಯಿದ್ದರೆ ಹನ್ನೊಂದು ಗಂಟೆ ಬೇಕು.

ಆಮೇಲೆ ಗಾಜಿನ ಕ್ಯಾಬಿನೆಟ್. ಅವನ ಪಟ್ಟಿಯಲ್ಲಿ ಮೊದಲಿದ್ದದ್ದು ನನ್ನದರಲ್ಲಿ ಕೊನೆಗೆ ಬಂತು. ಮುಂದೆಲ್ಲ ಮುಚ್ಚಿದ ಗಾಜು, ಹಿಂದೆ ಬಣ್ಣದ ಫ್ಯಾನು.

“ನಿಮ್ಮ ಬ್ಯಾರನ್ನಿಗೆ ಕೆಳಗೂ ಕಿಂಡಿ ಮೇಲೂ ಕಿಂಡಿ ಯಾಕ್ಲಾ ಇಟ್ಟವ್ರೆ?” ಅಂದೆ.

ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯಿಸುವ ಮನೆಯ ಹುಡುಗನಿಗೆ ಇದು ಪ್ರಶ್ನೆಯೇ ಅಲ್ಲ. “ಕೆಳಗಿಂದ ಗಾಳಿ ಒಳಕ್ಕೋಗ್ಬೇಕು, ಮೇಲಿಂದ ಹಬೆ ಆಚೆಗೆ ಬರ್ಬೇಕು. ಕಟ್ಕಂಡ್ರೆ ಸೊಪ್ಪು ಕಂದು ತಿರಗ್ತದೆ, ಗ್ರೇಡ್ ಬೀಳ್ತದೆ.”

“ನಿನ್ನ ಗಾಜಿನ ಬ್ಯಾರನ್ನಿಗೆ ಕಿಂಡಿ ಎಲ್ಲಿ?”

ಸ್ವಲ್ಪ ಹೊತ್ತು ಮೊಬೈಲನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದ. ಜಾಲರಿ ಮುಖದ ಕ್ಯಾಬಿನೆಟ್ ಒಪ್ಪಿದ. ಮುಂದೆ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಮೇಲುಗಡೆ ಒಂದು ಹೊರಗೆ ನೂಕಲಿ, ಮುಗಿಯಿತು. ಬಿಸಿ ಏರಿದರೆ ಪ್ರೊಸೆಸರ್ ಸುಡುವುದಿಲ್ಲ, ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೊಟ್ಟ ದುಡ್ಡಿಗೆ ಸಿಗಬೇಕಾದ ಗ್ರೇಡು ಬೀಳುತ್ತದೆ. ನೀರಿನ ಕೂಲರ್ ಈ ಪ್ರೊಸೆಸರುಗಳಿಗೆ ಬೇಡವೇ ಬೇಡ, ಪೆಟ್ಟಿಗೆಯಲ್ಲಿ ಬರುವ ಫ್ಯಾನೇ ಸಾಕು. ಜಾಲರಿಗೆ ಧೂಳು ಸೋಸುವ ಬಲೆ ಇರಬೇಕು, ಯಾಕೆಂದರೆ ಒಕ್ಕಣೆಯ ಕಾಲದಲ್ಲಿ ನಮ್ಮ ಕಡೆ ಗಾಳಿಯಲ್ಲಿ ಭತ್ತದ ಹೊಟ್ಟೇ ಅರ್ಧ. ಹಿಂದೆ ಬಳಸದ ಸ್ಲಾಟುಗಳ ತಗಡು ಮುಚ್ಚಿಯೇ ಇರಲಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಒಳಸೇರುತ್ತದೆ. ಬೋರ್ಡಿನ ಮೇಲೆ ಅದು ಎರಡು ಕಾಲು ಎರಡು ಕಡೆ ಇಟ್ಟರೆ ಹಲ್ಲಿಯೂ ಹೋಯಿತು, ಬೋರ್ಡೂ ಹೋಯಿತು. ಅದಕ್ಕೆ ಯಾವ ವಾರಂಟಿಯೂ ಇಲ್ಲ.

ಅರವತ್ತು ಸಾವಿರ ಇಲ್ಲದವರು ಇಷ್ಟು ಓದಿ ಎದ್ದು ಹೋಗಬೇಕಾಗಿಲ್ಲ. ಬೆಂಗಳೂರಿನ ಐಟಿ ಕಚೇರಿಗಳು ಕೆಲವು ವರ್ಷ ಬಳಸಿ ಹೊರಗೆ ಹಾಕುವ ಡೆಲ್, ಎಚ್‌ಪಿ, ಲೆನೊವೊ ಡಬ್ಬಗಳು ಎಸ್‌ಪಿ ರಸ್ತೆಯಲ್ಲಿ ರಾಶಿ ಬಿದ್ದಿರುತ್ತವೆ, ಮೈಸೂರಿಗೂ ಬರುತ್ತವೆ. ಇಂಟೆಲ್ ಎಂಟನೇ ತಲೆಮಾರಿನ ಐ5 ಅಥವಾ ಅದರ ಮೇಲಿನದೇ ಆಗಿರಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಆಸರೆ ನಿಂತಿತು, ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಕೂಡ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತೆಯ ಸೌಲಭ್ಯಗಳನ್ನು ಕೇಳುತ್ತದೆ. ಇಂಥ ಡಬ್ಬಕ್ಕೆ, ಮೇಲೆ ಹೇಳಿದ 70 ವ್ಯಾಟಿನ 3050 ಹೇಳಿ ಮಾಡಿಸಿದ ಹಾಗಿದೆ. ಬೇರೆ ವೈರು ಬೇಡ, ಸ್ಲಾಟಿನಿಂದಲೇ ಕರೆಂಟು ಕುಡಿಯುತ್ತದೆ. ಆದರೆ ಡಬ್ಬ ಪೂರ್ತಿ ಎತ್ತರದ ಟವರ್ ಆಗಿರಬೇಕು. ತೆಳ್ಳನೆಯ ಡಬ್ಬಕ್ಕೆ ಗಿಡ್ಡ ಕಾರ್ಡೇ ಬೇಕು, ಅದನ್ನು ಹುಡುಕುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ. ಈ ಕಂಪನಿ ಡಬ್ಬಗಳ ಎಸ್‌ಎಂಪಿಎಸ್‌ನ ಆಕಾರ, ಪಿನ್ನು ಎಲ್ಲ ಅವರದೇ ಮನೆತನದವು. ಅದು ಹೋದರೆ ಅದೇ ಬೇಕು. ಆದರೂ ಇದರಲ್ಲಿ ನನಗೆ ಗೊತ್ತಿರುವ ಇಬ್ಬರು ಹುಡುಗರು ಎರಡು ವರ್ಷದಿಂದ ಸುಖವಾಗಿ ಆಡುತ್ತಿದ್ದಾರೆ.

ಮೈಸೂರಿಗೆ ನಾವಿಬ್ಬರೂ ಒಂದು ಮಂಗಳವಾರ ಹೋದೆವು. ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಂಡೆವು. ಬಿಡಿಬಿಡಿಯಾಗಿ ನಾಲ್ಕು ಕಡೆ ಕೊಂಡಿದ್ದರೆ ಸಾವಿರದಷ್ಟು ಉಳಿಯುತ್ತಿತ್ತು, ಆದರೆ ಕೆಟ್ಟ ದಿನ ನಾಲ್ವರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತಾರೆ. ಪ್ರೊಸೆಸರ್ ಸೀಲಿರುವ ಬಾಕ್ಸ್ ಪೀಸೇ ಬೇಕೆಂದೆ, ಬಿಡಿ ಟ್ರೇಯದು ಬೇಡ. ಬಾಕ್ಸಿನದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ನೇರವಾಗಿ ಸಿಗುತ್ತದೆ. ಜಿಎಸ್‌ಟಿ ಬಿಲ್ಲಿಲ್ಲದಿದ್ದರೆ ಕಡಿಮೆಗೆ ಕೊಡುವುದಾಗಿ ಹುಡುಗನ ಕಿವಿಯಲ್ಲಿ ಯಾರೋ ಹೇಳಿದರು. ನೂರಕ್ಕೆ ಹದಿನೆಂಟು ಎಂದರೆ ಸಣ್ಣ ಮೊತ್ತವಲ್ಲ, ಅವನ ಕಣ್ಣು ಮಿನುಗಿತು. ಬಿಲ್ಲು ಹಾಕಿಸಿದೆ, ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿದೆ, ಮೊಬೈಲಿನಲ್ಲಿ ಫೋಟೊ ತೆಗೆಸಿದೆ. ಥರ್ಮಲ್ ಕಾಗದದ ಬಿಲ್ಲು ಎರಡು ಬೇಸಿಗೆ ಕಳೆದರೆ ಬರೀ ಬಿಳಿ ಕಾಗದ.

ಸಂಜೆ ಸಾಲಿಗ್ರಾಮಕ್ಕೆ ಬಂದು ನನ್ನ ಮನೆಯ ನಡುಮನೆಯಲ್ಲೇ ಜೋಡಿಸಿದೆವು. ಅವನ ಹಳ್ಳಿಯಲ್ಲಿ ಇನ್ನೂ ಫೈಬರ್ ಇಲ್ಲ, ಆಟ ಇಲ್ಲೇ ಇಳಿಸಿಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಬಣ್ಣದ ದೀಪಗಳ ಬಗ್ಗೆ ಕೊನೆಗೆ ರಾಜಿಯಾಯಿತು: ಮೂರರಲ್ಲಿ ಒಂದು ಫ್ಯಾನು ಬಣ್ಣದ್ದು. ರಾತ್ರಿ ಒಂಬತ್ತೂವರೆಗೆ ಡೌನ್‌ಲೋಡ್ ಹಚ್ಚಿದ. ಎರಡು ಗಂಟೆಯ ಸುಮಾರಿಗೆ ಕರೆಂಟು ಹೋಗಿ ಯುಪಿಎಸ್ ಕಿರುಚಿತು, ಎದ್ದು ಮುಚ್ಚಿದೆವು. ಮೂರಕ್ಕೆ ಬಂದಾಗ ಮತ್ತೆ ಹಚ್ಚಿದ, ಬಿಟ್ಟಲ್ಲಿಂದಲೇ ಮುಂದುವರಿಯಿತು. ಬೆಳಗ್ಗೆ ನೋಡಿದರೆ ಶೇಕಡ 71ಕ್ಕೆ ಬಂದಿತ್ತು, ಹುಡುಗ ಕೀಬೋರ್ಡಿನ ಮೇಲೆ ಕೆನ್ನೆ ಇಟ್ಟು ಮಲಗಿದ್ದ. ಅಕ್ಕನ ಫೋನು ಬಂತು.

“ಓದ್ಕತಾವ್ನಾ?” ಅಂದಳು.

“ರಾತ್ರಿಯೆಲ್ಲ ಕಂಪ್ಯೂಟರ್ ಬುಟ್ಟು ಕದಲ್ಲಿಲ್ಲ ಕಣಕ್ಕ” ಅಂದೆ.